ಕಾಫಿ ಬೀಜದಷ್ಟು ಲಿವರ್: ನಾಯಿಗೆ ಕಲಿಸುವಾಗ ಯಾವ ತಿಂಡಿ, ಎಷ್ಟು, ಯಾವಾಗ?

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ರಾತ್ರಿ ಆನೆ ಎಲ್ಲಿತ್ತು?" ಹಲಸು ಹಣ್ಣಾಗುವ ಕಾಲದಲ್ಲಂತೂ ಹೇಳುವುದೇ ಬೇಡ. ಆನೆ ಇರುವ ತೋಟದಲ್ಲಿ ನಾಯಿ ಬಿಟ್ಟರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಮೊದಲು ಬೊಗಳುತ್ತಾ ಆನೆ ಹತ್ತಿರ ಓಡುತ್ತದೆ. ಆನೆ ತಿರುಗಿತೋ, ಬಾಲ ಮುದುರಿಕೊಂಡು ಸೀದಾ ನಮ್ಮ ಕಾಲ ಬುಡಕ್ಕೇ ಬರುತ್ತದೆ. ಹಿಂದೆಯೇ ಆನೆ. ಚಿರತೆ ಓಡಾಡುವ ಕಡೆ ಕತೆ ಬೇರೆ, ಹೋದ ನಾಯಿ ವಾಪಸ್ ಬರುವುದಿಲ್ಲ. ಕಾಡುಹಂದಿಗೆ ಯಾರೋ ಇಟ್ಟ ಉರುಳಿಗೆ ಸಿಕ್ಕುವ ನಾಯಿಗಳೂ ಇವೆ.

ಹಾಗಾಗಿ ಇಲ್ಲಿ ನಾಯಿ ಸಾಕಿದವರಿಗೆ ಬೇಕಿರುವುದು ಶೇಕ್‌ಹ್ಯಾಂಡ್ ಕೊಡುವ ನಾಯಿ ಅಲ್ಲ. ಕರೆದರೆ ಬರುವ ನಾಯಿ. ಯಾರನ್ನು ಕೇಳಿದರೂ "ತಿಂಡಿ ಕೊಟ್ಟು ಕಲಿಸಿ" ಅನ್ನುತ್ತಾರೆ. ಯಾವ ತಿಂಡಿ, ಎಷ್ಟು ದೊಡ್ಡ ತುಂಡು, ಯಾವ ಗಳಿಗೆಯಲ್ಲಿ ಕೊಡಬೇಕು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಅರ್ಧ ಜನ ಕೈಬಿಡುವುದು ಅಲ್ಲೇ. "ನಮ್ಮ ನಾಯಿಗೆ ಬುದ್ಧಿ ಇಲ್ಲ" ಅಂತ ಸುಮ್ನಾಗಿಬಿಡುತ್ತಾರೆ.

ತಿಂಡಿ ಕೊಟ್ಟರೆ ನಾಯಿ ಯಾಕೆ ಕಲಿಯುತ್ತದೆ?

ಇದರ ಬುಡ ತುಂಬಾ ಸರಳ. ಒಂದು ಕೆಲಸ ಮಾಡಿದ ಮೇಲೆ ಒಳ್ಳೆಯದಾದರೆ ಆ ಕೆಲಸವನ್ನು ಮತ್ತೆ ಮಾಡಬೇಕು ಅನಿಸುತ್ತದೆ. ಕೆಟ್ಟದ್ದಾದರೆ, ಇಲ್ಲವೇ ಏನೂ ಆಗದಿದ್ದರೆ, ನಿಧಾನಕ್ಕೆ ಬಿಟ್ಟುಹೋಗುತ್ತದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಕೂಡಿ ಇದನ್ನು ನೋಡಿದರು. 1898ರಲ್ಲಿ ಅದರ ಬಗ್ಗೆ ಬರೆದರು. ಅಗುಳಿ ಒತ್ತಿದರೆ ಬಾಗಿಲು ತೆರೆಯುತ್ತದೆ, ಹೊರಗೆ ತಿಂಡಿ ಇದೆ. ಮೊದಲು ಬೆಕ್ಕು ಪರಚಿ, ಕಚ್ಚಿ, ಕೂಗಿ, ಕೊನೆಗೆ ಹೇಗೋ ಅಗುಳಿ ಮುಟ್ಟಿತು. ಮತ್ತೆ ಮತ್ತೆ ಕೂಡಿದ ಹಾಗೆ ಪರಚಾಟ ಕಡಿಮೆಯಾಯಿತು, ಬೇಗ ಅಗುಳಿಗೇ ಕೈ ಹಾಕತೊಡಗಿತು. ಮುಂದೆ ಅಮೆರಿಕದವರೇ ಆದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇದೇ ದಾರಿಯಲ್ಲಿ ಇನ್ನೂ ದೂರ ಹೋದರು. ಇವತ್ತು ನಾಯಿ ತರಬೇತಿಯವರು ಮಾಡುವುದರಲ್ಲಿ ಬಹಳಷ್ಟು ಅಲ್ಲಿಂದಲೇ ಬಂದದ್ದು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಕೂಲಿ. ಕಾಫಿ ಕೊಯ್ಲಿನಲ್ಲಿ ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಚೀಲ ಬೇಗ ತುಂಬುತ್ತದೆ. ಯಾಕೆಂದರೆ ಯಾವ ಕೆಲಸಕ್ಕೆ ಯಾವ ದುಡ್ಡು ಅಂತ ಕೊಯ್ಯುವವರಿಗೆ ಸ್ಪಷ್ಟವಾಗಿ ಗೊತ್ತು. ನಾಯಿಗೂ ಇದೇ ಸ್ಪಷ್ಟತೆ ಬೇಕು. ಒಂದೇ ವ್ಯತ್ಯಾಸ, ನಾಯಿಗೆ ಶನಿವಾರದವರೆಗೆ ಕಾಯಲು ಬರುವುದಿಲ್ಲ. ಅದರ ಕೂಲಿ ಆ ಗಳಿಗೆಯಲ್ಲೇ ಕೈಗೆ, ಅಲ್ಲ, ಬಾಯಿಗೆ ಬೀಳಬೇಕು.

ಇದು ಲಂಚ ಅಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಇರುವುದು ತಿಂಡಿ ಯಾವಾಗ ಕಣ್ಣಿಗೆ ಬೀಳುತ್ತದೆ ಅನ್ನುವುದರಲ್ಲಿ.

ಬಿಸ್ಕೆಟ್ ಎತ್ತಿ ತೋರಿಸಿ "ಬಾ, ಬಾ" ಅಂದರೆ ಅದು ಲಂಚ. ನಾಯಿ ಬಿಸ್ಕೆಟ್ ನೋಡುತ್ತದೆ, ಲೆಕ್ಕ ಹಾಕುತ್ತದೆ, ಮನಸ್ಸಾದರೆ ಬರುತ್ತದೆ. ಕೈ ಖಾಲಿ ಇದ್ದ ದಿನ ಬರುವುದಿಲ್ಲ. ಹಾಗಲ್ಲದೆ, ಮೊದಲು ಕರೆದು, ನಾಯಿ ಬಂದು ಮುಟ್ಟಿದ ಮೇಲೆ ಜೇಬಿನಿಂದ ತೆಗೆದು ಕೊಟ್ಟರೆ ಅದು ಕೂಲಿ. ಆಗ ನಾಯಿ ನೋಡುವುದು ಕೈಯನ್ನಲ್ಲ, ಹಿಂದೆ ಏನಾಗಿತ್ತು ಅನ್ನುವ ನೆನಪನ್ನು.

ಹೊಸ ಪಾಠ ಶುರು ಮಾಡುವಾಗ ತಿಂಡಿಯನ್ನು ಮೂಗಿನ ಮುಂದೆ ಹಿಡಿದು ದಾರಿ ತೋರಿಸುವುದುಂಟು. ತಲೆ ಮೇಲಕ್ಕೆ ಹೋದರೆ ಹಿಂಭಾಗ ತಾನೇ ಕೆಳಗಿಳಿಯುತ್ತದೆ, ನಾಯಿ ಕೂರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಾಲ್ಕೈದು ಸಲ ಆದ ಮೇಲೆ ಖಾಲಿ ಕೈಯಲ್ಲೇ ಅದೇ ಸನ್ನೆ ಮಾಡಿ, ಕೂತ ಮೇಲೆ ಇನ್ನೊಂದು ಕೈಯಿಂದ ಕೊಡಬೇಕು. ಈ ಹೆಜ್ಜೆಯನ್ನು ಬಿಟ್ಟವರೇ ಜಾಸ್ತಿ. ಅವರ ನಾಯಿಗಳೇ "ಬಿಸ್ಕೆಟ್ ಇದ್ದರೆ ಮಾತ್ರ ಕೇಳುವ" ನಾಯಿಗಳು.

ಬೆಲೆ ಕಟ್ಟುವುದು ನಾಯಿ, ನಾವಲ್ಲ

ನಮ್ಮ ಮನೆಯ ಕರಿಯನಿಗೆ ನಾನು ಒಂದು ತಿಂಗಳು ಗ್ಲೂಕೋಸ್ ಬಿಸ್ಕೆಟ್ ಕೊಟ್ಟು "ಬಾ" ಕಲಿಸಿದೆ. ಅಡುಗೆಮನೆಯಲ್ಲಿ ನೂರಕ್ಕೆ ನೂರು. ಅಂಗಳದಲ್ಲಿ ಪರವಾಗಿಲ್ಲ. ಒಂದು ದಿನ ಕಣದ ಪಕ್ಕದ ಪೊದೆಯಿಂದ ಕಾಡುಕೋಳಿ ಎದ್ದಿತು. ಕರಿಯ ಹೊರಟ. ನಾನು ಕರೆದೆ, ಕೂಗಿದೆ, ಬಿಸ್ಕೆಟ್ ಪ್ಯಾಕೆಟ್ ಪರಪರ ಅನ್ನಿಸಿದೆ. ಅವನು ಒಂದು ಸಲ ತಿರುಗಿ ನೋಡಿದ, ಕಿವಿ ಅಲ್ಲಾಡಿಸಿದ, ರೊಬಸ್ಟಾ ಕಾಫಿ ಗಿಡಗಳ ಸಾಲಿನೊಳಗೆ ಮಾಯವಾದ.

ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗನೊಬ್ಬ ಇದನ್ನೆಲ್ಲ ಕಟ್ಟೆ ಮೇಲೆ ಕೂತು ನೋಡುತ್ತಿದ್ದ. ಹತ್ತು ವರ್ಷ ಇರಬಹುದು. "ಅಕ್ಕಾ, ಅವನಿಗೆ ಬಿಸ್ಕೆಟ್ ಬೇಜಾರಾಗಿದೆ" ಅಂದ. ಮನೆಯೊಳಗೆ ಹೋಗಿ ಒಣಮೀನಿನ ತಲೆ ತಂದ. ಹೆಸರನ್ನೂ ಕೂಗಲಿಲ್ಲ, ನಾಲಗೆಯಲ್ಲಿ ಒಂದು ಲೊಚ್ ಶಬ್ದ ಮಾಡಿದ, ಅಷ್ಟೇ. ಪೊದೆ ಅಲ್ಲಾಡಿತು. ಕರಿಯ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಓಡಿ ಬಂದು ಆ ಹುಡುಗನ ಮುಂದೆ ಕೂತ. ಕೂರು ಅಂತ ಯಾರೂ ಹೇಳಿರಲಿಲ್ಲ. ಆಮೇಲೆ ಗೊತ್ತಾಯಿತು, ಹುಡುಗ ವಾರಗಟ್ಟಲೆಯಿಂದ ಆ ಶಬ್ದಕ್ಕೆ ಮೀನು ಕೊಡುತ್ತಿದ್ದನಂತೆ. ನನ್ನ ನಾಯಿಗೆ ನನಗಿಂತ ಚೆನ್ನಾಗಿ ಪಾಠ ಆಗಿತ್ತು.

ಮೀನು ಯಾಕೆ ಗೆದ್ದಿತು? ನಾಯಿಯ ನಾಲಗೆ ನಮ್ಮಷ್ಟು ಚುರುಕಲ್ಲ. ಮನುಷ್ಯನ ಬಾಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಗೆ ಸುಮಾರು 1,700. ಮೂಗಿನ ಲೆಕ್ಕ ಉಲ್ಟಾ. ವಾಸನೆ ಹಿಡಿಯುವ ಕಣಗಳು ನಮಗೆ 50–60 ಲಕ್ಷ ಅಂದರೆ ನಾಯಿಗೆ 20 ಕೋಟಿಗೂ ಮೇಲೆ. ನಾಯಿ ತಿಂಡಿಗೆ ಬೆಲೆ ಕಟ್ಟುವುದು ಹೆಚ್ಚಾಗಿ ಮೂಗಿನಿಂದ. ಅದಕ್ಕೇ ನಮಗೆ ಮೂಗು ಮುಚ್ಚಿಕೊಳ್ಳಬೇಕು ಅನಿಸುವ ವಸ್ತು ಅದಕ್ಕೆ ಹಬ್ಬ. ಫ್ರಿಜ್‌ನಿಂದ ಆಗತಾನೆ ತೆಗೆದ ಲಿವರ್‌ಗಿಂತ ಸ್ವಲ್ಪ ಹೊತ್ತು ಹೊರಗಿಟ್ಟ ಲಿವರ್ ಚೆನ್ನಾಗಿ ಕೆಲಸ ಮಾಡುವುದೂ ಇದೇ ಕಾರಣಕ್ಕೆ. ಬೆಚ್ಚಗಾದರೆ ವಾಸನೆ ಏಳುತ್ತದೆ.

ನಿಮ್ಮ ನಾಯಿಯ ಪಟ್ಟಿ ತಿಳಿಯಲು ಸುಲಭದ ಪರೀಕ್ಷೆ ಇದೆ. ಎರಡು ಮುಷ್ಟಿಯಲ್ಲಿ ಎರಡು ಬಗೆಯ ತಿಂಡಿ ಹಿಡಿಯಿರಿ. ಎರಡನ್ನೂ ಮೂಸಲು ಬಿಡಿ. ಯಾವ ಮುಷ್ಟಿಯ ಹತ್ತಿರ ಮೂಗು ನಿಲ್ಲುತ್ತದೆ ನೋಡಿ, ಅದನ್ನು ಕೊಡಿ. ಕೈ ಅದಲು ಬದಲು ಮಾಡಿ ಐದಾರು ಸಲ ಮಾಡಿ. ಕೆಲವು ನಾಯಿಗಳಿಗೆ ಬಲಗೈ ಕಡೆ ಹೋಗುವ ಚಾಳಿ ಇರುತ್ತದೆ, ಅದಕ್ಕೆ ಅದಲು ಬದಲು. ಎರಡು ಮೂರು ದಿನದಲ್ಲಿ ಸಾಧಾರಣ, ಒಳ್ಳೆಯದು, ಪ್ರಾಣ ಬಿಡುವಂಥದ್ದು ಅಂತ ಮೂರು ದರ್ಜೆ ಸಿಗುತ್ತದೆ.

ಈ ಮೂರು ದರ್ಜೆಯನ್ನು ಜಾಗಕ್ಕೆ ತಕ್ಕ ಹಾಗೆ ಬಳಸಬೇಕು. ಮನೆಯೊಳಗೆ ನಾಯಿಗೆ ಬೇರೆ ಕೆಲಸವಿಲ್ಲ, ಸಾಧಾರಣ ತಿಂಡಿ ಸಾಕು. ಅಂಗಳದಲ್ಲಿ ಕೋಳಿ, ಬೆಕ್ಕು, ಪೋಸ್ಟ್‌ಮ್ಯಾನ್ ಇದ್ದಾರೆ, ಅಲ್ಲಿ ಒಂದು ದರ್ಜೆ ಮೇಲೆ. ತೋಟದ ಅಂಚಿನಲ್ಲಿ ನಿಮ್ಮ ಪೈಪೋಟಿ ಇರುವುದು ಕಾಡುಕೋಳಿಯ ಜೊತೆ, ಕೆಂದಳಿಲಿನ ಜೊತೆ, ಹಂದಿ ಹೋದ ಹೆಜ್ಜೆಯ ವಾಸನೆಯ ಜೊತೆ. ಅಲ್ಲಿಗೆ ಬಿಸ್ಕೆಟ್ ಹಿಡಿದು ಹೋಗುವುದು ಹರಾಜಿಗೆ ಚಿಲ್ಲರೆ ಹಿಡಿದು ಹೋದ ಹಾಗೆ.

ಅಡುಗೆಮನೆಯಲ್ಲೂ ಸಂತೆಯಲ್ಲೂ ಸಿಗುವಂಥದ್ದು

ಅಂಗಡಿಯ ಬಣ್ಣಬಣ್ಣದ ಪ್ಯಾಕೆಟ್ ಬೇಕೇ ಬೇಕು ಅಂತಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಕೋಳಿ ಲಿವರ್‌ಗೆ. ಕಡಿಮೆ ದುಡ್ಡಿಗೆ ಸಿಗುತ್ತದೆ, ವಾಸನೆ ಜೋರು, ಬೇಯಿಸಿದರೆ ಗಟ್ಟಿಯಾಗಿ ಚಿಕ್ಕದಾಗಿ ಕತ್ತರಿಸಲು ಬರುತ್ತದೆ. ಉಪ್ಪು, ಖಾರ, ಈರುಳ್ಳಿ ಏನೂ ಹಾಕದೆ ಬರೀ ನೀರಲ್ಲಿ ಬೇಯಿಸಬೇಕು. ದಿನಾ ರಾಶಿ ರಾಶಿ ಕೊಡಬಾರದು, ಲಿವರ್‌ನಲ್ಲಿ ವಿಟಮಿನ್ ಎ ಜಾಸ್ತಿ, ಅತಿಯಾದರೆ ತೊಂದರೆ. ತರಬೇತಿಯ ಚೂರುಗಳಿಗೆ ಆ ಭಯವಿಲ್ಲ. ಕೋಳಿಯ ಕಂದನಕಾಯಿಯೂ (ಗಿಜರ್ಡ್) ಒಳ್ಳೆಯದೇ, ಆದರೆ ಅಗಿಯಲು ಹೊತ್ತು ಹಿಡಿಯುತ್ತದೆ. ಒಂದು ಪಾಠದಲ್ಲಿ ಮೂವತ್ತು ಸಲ ಕೊಡಬೇಕಾದಾಗ ಪ್ರತಿ ಸಲ ಅದು ಅಗಿಯುವುದನ್ನು ಕಾಯುತ್ತಾ ನಿಂತರೆ ಪಾಠ ಹಳಿ ತಪ್ಪುತ್ತದೆ. ತಿಂಡಿ ಮೆತ್ತಗಿರಬೇಕು, ಗುಳುಂ ಅಂತ ಹೋಗಬೇಕು. ಗಟ್ಟಿ ಬಿಸ್ಕೆಟ್‌ನ ಇನ್ನೊಂದು ತಾಪತ್ರಯವೂ ಇದೇ. ಪುಡಿ ಉದುರುತ್ತದೆ, ನಾಯಿ ನೆಲ ನೆಕ್ಕುತ್ತಾ ಕೂರುತ್ತದೆ, ನಾವು ಏನು ಹೇಳುತ್ತಿದ್ದೆವು ಅಂತ ಇಬ್ಬರಿಗೂ ಮರೆತುಹೋಗುತ್ತದೆ.

ಬೇಯಿಸಿದ ಕೋಳಿ ಎದೆಮಾಂಸ, ಮೊಟ್ಟೆ, ಪನೀರ್ ಎರಡನೇ ಸಾಲಿನವು. ಹಾಲು ಕೆಲವು ಬೆಳೆದ ನಾಯಿಗಳಿಗೆ ಜೀರ್ಣವಾಗುವುದಿಲ್ಲ, ಭೇದಿ ಆಗುತ್ತದೆ. ಪನೀರ್‌ನಲ್ಲಿ ಹಾಲಿನ ಸಕ್ಕರೆ ಕಡಿಮೆ, ಹಾಗಾಗಿ ಸ್ವಲ್ಪ ಕೊಟ್ಟರೆ ಎಷ್ಟೋ ನಾಯಿಗಳು ತಡೆದುಕೊಳ್ಳುತ್ತವೆ. ಒಣಮೀನು ಸಂತೆಯಲ್ಲಿ ಸಿಗುವ ಅತ್ಯಂತ ಜೋರಾದ ಅಸ್ತ್ರ. ಆದರೆ ಉಪ್ಪು ಇರುತ್ತದೆ. ನೀರಲ್ಲಿ ನೆನೆಸಿ, ನೀರು ಬದಲಾಯಿಸಿ, ಕುದಿಸಿ, ಮುಳ್ಳು ತೆಗೆದು, ಚೂರು ಚೂರು ಮಾತ್ರ. (ಆ ಹುಡುಗ ಇದ್ಯಾವುದನ್ನೂ ಮಾಡಿರಲಿಲ್ಲ. ಕರಿಯ ಆ ಸಂಜೆ ಎರಡು ಬೋಗುಣಿ ನೀರು ಕುಡಿದ.)

ಮಾಂಸ ತಿನ್ನದ ಮನೆಗಳಲ್ಲಿ ಏನು ಮಾಡುವುದು? ನಾಯಿ ಬರೀ ಮಾಂಸದ ಪ್ರಾಣಿ ಅಲ್ಲ. ಪಿಷ್ಟ ಜೀರ್ಣಿಸಿಕೊಳ್ಳುವ ಜೀನ್ ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಪ್ರತಿಗಳಲ್ಲಿದೆ ಅಂತ 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮನುಷ್ಯನ ಪಕ್ಕದಲ್ಲಿ ಅನ್ನ, ರೊಟ್ಟಿ ತಿಂದು ಬೆಳೆದ ಜೀವ ಅದು. ಬೇಯಿಸಿದ ಸಿಹಿಗೆಣಸು, ಕ್ಯಾರೆಟ್, ಬೀನ್ಸ್, ಬಾಳೆಹಣ್ಣು, ಬೀಜ ತೆಗೆದ ಪರಂಗಿ, ಚೂರು ಹಲಸಿನ ತೊಳೆ, ಇವೆಲ್ಲ ನಡೆಯುತ್ತವೆ. ಅಕ್ಕಿತರಿಯ ಹಬೆಯುಂಡೆ ಕಡಂಬುಟ್ಟನ್ನು ಚಿಕ್ಕದಾಗಿ ಮುರಿದು ಕೊಟ್ಟರೂ ಮನೆಯೊಳಗಿನ ಪಾಠಕ್ಕೆ ಸಾಕು, ಸ್ವಲ್ಪ ಅಂಟುತ್ತದೆ ಅಷ್ಟೇ. ತೋಟದ ಅಂಚಿಗೆ ಮಾತ್ರ ಪನೀರ್ ಇಲ್ಲವೇ ಮೊಟ್ಟೆ ಇಟ್ಟುಕೊಳ್ಳಿ.

ಹೊಸ ತಿಂಡಿಯನ್ನು ಒಂದೊಂದಾಗಿ ಶುರು ಮಾಡಿ. ಒಂದೇ ದಿನ ನಾಲ್ಕು ಬಗೆ ಕೊಟ್ಟು ಹೊಟ್ಟೆ ಕೆಟ್ಟರೆ ಯಾವುದರಿಂದ ಅಂತ ತಿಳಿಯುವುದಿಲ್ಲ. ಮೈ ಕೆರೆದುಕೊಳ್ಳುವ ನಾಯಿಗಳಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವುಗಳಿಗೆ ಅಲರ್ಜಿ ಇರುವುದು ಹೆಚ್ಚಾಗಿ ಕಾಣುತ್ತದೆ.

ಮಳೆಗಾಲದ್ದು ಬೇರೆಯೇ ಗೋಳು. ಜುಲೈನಲ್ಲಿ ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಜೇಬಲ್ಲಿ ಮರೆತ ಲಿವರ್ ಕೇಳಬೇಕೆ? ಬೂಷ್ಟು ಹಿಡಿದ ಆಹಾರದಿಂದ ನಾಯಿಗೆ ನಡುಕ, ಫಿಟ್ಸ್ ಬರುವ ವಿಷವೂ ಆಗಬಹುದು. ಬೇಯಿಸಿದ್ದನ್ನು ದಿನದ ಲೆಕ್ಕಕ್ಕೆ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡುವುದು, ಬೆಳಿಗ್ಗೆ ಒಂದನ್ನು ತೆಗೆದು ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುವುದು, ಸಂಜೆ ಉಳಿದದ್ದನ್ನು ಎಸೆಯುವುದು. ಕರೆಂಟ್ ಹೋಗಿ ಮೂರು ದಿನ ಬರದಿದ್ದರೆ ಒಣ ಡಾಗ್ ಫುಡ್ಡೇ ಗತಿ.

ಕಾಫಿ ಬೀಜದ ಅಳತೆ

ತಿಂಡಿ ಎಷ್ಟು ದೊಡ್ಡದಿರಬೇಕು? ಒಂದು ಕಾಫಿ ಬೀಜದಷ್ಟು. ಸಣ್ಣ ತಳಿಯ ನಾಯಿಗೆ, ಮರಿಗೆ, ಕರಿಮೆಣಸಿನ ಕಾಳಿನಷ್ಟು. ಕೇಳಿದವರೆಲ್ಲ "ಅಷ್ಟು ಚಿಕ್ಕದಾ? ಪಾಪ" ಅನ್ನುತ್ತಾರೆ. ಆದರೆ ನಾಯಿಗೆ ಪಾಠ ಆಗುವುದು ತುಂಡಿನ ತೂಕದಿಂದಲ್ಲ, ಎಷ್ಟು ಸಲ ಸಿಕ್ಕಿತು ಅನ್ನುವುದರಿಂದ. ಒಂದು ಬಿಸ್ಕೆಟ್ ಇಡಿಯಾಗಿ ಕೊಟ್ಟರೆ ಒಂದು ಪಾಠ. ಅದನ್ನೇ ಹತ್ತು ಚೂರು ಮಾಡಿದರೆ ಹತ್ತು ಪಾಠ.

ಲೆಕ್ಕ ಹಾಕಿ ನೋಡೋಣ. ಪಶುವೈದ್ಯರು ಸಾಮಾನ್ಯವಾಗಿ ಹೇಳುವುದು, ದಿನದ ಒಟ್ಟು ಕ್ಯಾಲರಿಯಲ್ಲಿ ತಿಂಡಿಯ ಪಾಲು 10 ಶೇಕಡಾ ದಾಟಬಾರದು. ಕ್ಯಾಲರಿ ಅಂದರೆ ಆಹಾರದಿಂದ ಸಿಗುವ ಶಕ್ತಿಯ ಅಳತೆ. 15 ಕೆಜಿ ತೂಗುವ ಸಾಧಾರಣ ಓಡಾಟದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲರಿ ಬೇಕು. ಅಂದರೆ ತಿಂಡಿಗೆ 85. ಗ್ಲೂಕೋಸ್ ಬಿಸ್ಕೆಟ್ 100 ಗ್ರಾಂಗೆ ಸುಮಾರು 450 ಕ್ಯಾಲರಿ. ಒಂದು ಬಿಸ್ಕೆಟ್ 5 ಗ್ರಾಂ ಅಂದುಕೊಂಡರೆ ನಾಲ್ಕೇ ಬಿಸ್ಕೆಟ್‌ಗೆ ದಿನದ ಕೋಟಾ ಮುಗಿಯಿತು. ಬೇಯಿಸಿದ ಕೋಳಿ ಲಿವರ್ 100 ಗ್ರಾಂಗೆ ಸುಮಾರು 165. ಅರ್ಧ ಗ್ರಾಂನ ಚೂರು ಮಾಡಿದರೆ ಅದೇ 85 ಕ್ಯಾಲರಿಯಲ್ಲಿ ನೂರು ಚೂರು! ನಾಲ್ಕು ಸಲ ಕಲಿಸುವುದಾ, ನೂರು ಸಲ ಕಲಿಸುವುದಾ? ಒಂದು ಬೇಯಿಸಿದ ಮೊಟ್ಟೆ ಸುಮಾರು 75 ಕ್ಯಾಲರಿ, ಅಂದರೆ ಒಂದು ಮೊಟ್ಟೆಗೇ ಹೆಚ್ಚುಕಮ್ಮಿ ಕೋಟಾ ಮುಗಿದಂತೆ.

ಜಾಸ್ತಿ ಪಾಠ ಇರುವ ದಿನ ರಾತ್ರಿಯ ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಿದರಾಯಿತು. ಒಣ ಡಾಗ್ ಫುಡ್ ತಿನ್ನುವ ನಾಯಿಯಾದರೆ ಇನ್ನೂ ಸುಲಭ, ದಿನದ ಊಟದಿಂದಲೇ ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕಿ ಲಿವರ್ ಜೊತೆ ಬೆರೆಸಿಡಿ. ವಾಸನೆ ಅದಕ್ಕೂ ಹತ್ತಿಕೊಳ್ಳುತ್ತದೆ.

ಆ ಒಂದು ಸೆಕೆಂಡ್

"ಕೂರು" ಅಂದಿರಿ. ನಾಯಿ ಕೂತಿತು. ನೀವು ಪ್ಯಾಂಟ್ ಜೇಬಿಗೆ ಕೈ ಹಾಕಿದಿರಿ. ಪ್ಲಾಸ್ಟಿಕ್ ಕವರ್ ಬಿಚ್ಚಿದಿರಿ. ಅಷ್ಟರಲ್ಲಿ ನಾಯಿ ಎದ್ದು ನಿಮ್ಮ ಎದೆ ಮೇಲೆ ಎರಡು ಕಾಲಿಟ್ಟಿತು. ನೀವು "ಏಯ್ ಇಳಿ" ಅನ್ನುತ್ತಲೇ ತಿಂಡಿ ಕೊಟ್ಟಿರಿ. ನಾಯಿ ಏನು ಕಲಿತಿತು? ಎದೆ ಮೇಲೆ ಕಾಲಿಡುವುದನ್ನು.

ಪ್ರತಿಫಲ ಕೆಲಸಕ್ಕೆ ಅಂಟಿಕೊಳ್ಳಬೇಕಾದರೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಸಿಗಬೇಕು. ಮೂವತ್ತು ಅಡಿ ದೂರದಿಂದ ತಿರುಗಿದ ನಾಯಿಗೆ ಒಂದು ಸೆಕೆಂಡಿನಲ್ಲಿ ಹೇಗೆ ಕೊಡುವುದು? ಅದಕ್ಕೆ ಒಂದು ಗುರುತಿನ ಶಬ್ದ ಬೇಕು. ತರಬೇತಿಯವರು ಟಕ್ ಅನ್ನುವ ಚಿಕ್ಕ ಯಂತ್ರ ಬಳಸುತ್ತಾರೆ, ಕ್ಲಿಕ್ಕರ್ ಅಂತ. ನಾನು "ಸೈ!" ಅನ್ನುತ್ತೇನೆ. ಚಿಕ್ಕ ಮಾತು, ದಿನದ ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ನಾಯಿಗೆ ಗೊಂದಲವಿಲ್ಲ. ಮೊದಲ ಎರಡು ದಿನ ಸುಮ್ನೆ "ಸೈ" ಅನ್ನುವುದು, ತಿಂಡಿ ಕೊಡುವುದು. "ಸೈ", ತಿಂಡಿ. "ಸೈ", ತಿಂಡಿ. ಆಮೇಲೆ ಆ ಶಬ್ದ ಚೀಟಿ ಇದ್ದ ಹಾಗೆ. ನೀನು ಈಗ ಮಾಡಿದ್ದು ಸರಿ, ದುಡ್ಡು ಹಿಂದೆ ಬರುತ್ತಿದೆ ಅಂತ. ಚೀಟಿ ಕೊಟ್ಟ ಮೇಲೆ ದುಡ್ಡು ಕೊಡಲೇಬೇಕು, ಬಾಯಿ ತಪ್ಪಿ ಅಂದರೂ ಸಹ.

ಕೊಡಲೇಬಾರದ್ದು, ಅದೂ ನಮ್ಮ ಜಿಲ್ಲೆಯಲ್ಲಿ

ಪೇಟೆಯವರಿಗೆ ಹೇಳುವ ಪಟ್ಟಿಗಿಂತ ನಮ್ಮದು ಸ್ವಲ್ಪ ಉದ್ದ. ಮಡಿಕೇರಿಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಮೂರು ವಸ್ತುಗಳು, ಹೋಮ್‌ಮೇಡ್ ಚಾಕೊಲೇಟ್, ಕಾಫಿಪುಡಿ, ದ್ರಾಕ್ಷಿ ವೈನ್, ಮೂರೂ ನಾಯಿಗೆ ವಿಷ.

ಚಾಕೊಲೇಟ್‌ನಲ್ಲಿ ಥಿಯೊಬ್ರೊಮಿನ್ ಎಂಬ ವಸ್ತುವಿದೆ. ನಮ್ಮ ದೇಹ ಅದನ್ನು ಬೇಗ ಕರಗಿಸುತ್ತದೆ, ನಾಯಿಯದ್ದು ಬಹಳ ನಿಧಾನ. ದೇಹತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ಆದರೆ ಲಕ್ಷಣ ಶುರುವಾಗಬಹುದು. ಡಾರ್ಕ್ ಚಾಕೊಲೇಟ್‌ನ ಒಂದು ಗ್ರಾಂನಲ್ಲಿ ಸುಮಾರು 5 ಮಿಲಿಗ್ರಾಂ ಇರುತ್ತದೆ. ಅಂದರೆ 10 ಕೆಜಿ ನಾಯಿಗೆ 40 ಗ್ರಾಂ ಸಾಕು ವಾಂತಿ, ಚಡಪಡಿಕೆ ಶುರುವಾಗಲು. ಜಾಸ್ತಿಯಾದರೆ ಹೃದಯ ಏರುಪೇರು, ಫಿಟ್ಸ್. ಕಾಫಿಯ ಕೆಫೀನ್ ಇದೇ ಕುಟುಂಬದ್ದು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇರುತ್ತದೆ. ಹತ್ತು ಗ್ರಾಂ ರೊಬಸ್ಟಾ ಪುಡಿಯಲ್ಲೇ 200 ಮಿಲಿಗ್ರಾಂ ಹತ್ತಿರ ಕೆಫೀನ್ ಇರಬಹುದು. ಫಿಲ್ಟರ್‌ನ ಗಸಿ ಬಿಸಾಡುವ ಜಾಗಕ್ಕೆ ನಾಯಿ ಹೋಗದ ಹಾಗೆ ನೋಡಿಕೊಳ್ಳಿ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನೇ ಕೆಡಿಸುತ್ತವೆ. ಯಾವ ನಾಯಿಗೆ ಎಷ್ಟು ಅಂತ ಮೊದಲೇ ಹೇಳಲು ಬರುವುದಿಲ್ಲ. ಹಾಗಾಗಿ ಪಾಯಸದಿಂದ ಹೆಕ್ಕಿದ ಒಂದು ಒಣದ್ರಾಕ್ಷಿಯೂ ಬೇಡ.

ಇನ್ನು ಪಂದಿಕರಿ, ಅಂದರೆ ನಮ್ಮ ಹಂದಿಮಾಂಸದ ಸಾರು. ಮದುವೆ ಮನೆಯಿಂದ ಪೊಟ್ಟಣ ಕಟ್ಟಿ ನಾಯಿಗೆ ಅಂತ ತರುವವರು ಎಷ್ಟು ಜನ! ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಖಾರ, ಕಾಚಂಪುಳಿ ಎಂಬ ಕಪ್ಪು ಹುಳಿರಸ, ಮೇಲೆ ಬೆರಳು ದಪ್ಪದ ಕೊಬ್ಬು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದೇಹತೂಕದ ಅರ್ಧ ಶೇಕಡಾದಷ್ಟು ಈರುಳ್ಳಿ, ಅಂದರೆ 10 ಕೆಜಿ ನಾಯಿಗೆ 50 ಗ್ರಾಂ, ಅಪಾಯದ ಗೆರೆ. ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ತುಂಬಾ ನೋವಿನ ಕಾಯಿಲೆ ಅದು. ಹಂದಿಮಾಂಸವೇ ಕೊಡಬೇಕು ಅನಿಸಿದರೆ ಒಗ್ಗರಣೆಗೆ ಮೊದಲು ಕೊಬ್ಬಿಲ್ಲದ ಒಂದು ತುಂಡು ಎತ್ತಿಟ್ಟು ಬರೀ ನೀರಲ್ಲಿ ಚೆನ್ನಾಗಿ ಬೇಯಿಸಿ. ಬೆಂದ ಮೂಳೆ ಬೇಡ, ಸೀಳಿ ಚುಚ್ಚುತ್ತದೆ. ತೋಟದಲ್ಲಿ ಬಿದ್ದ ಬಟರ್ ಫ್ರೂಟ್‌ನ ಬೀಜ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಂಥವುಗಳಲ್ಲಿ ಬಳಸುವ ಜೈಲಿಟಾಲ್ ಎಂಬ ಸಿಹಿವಸ್ತು ನಾಯಿಯ ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸುತ್ತದೆ. ಇವುಗಳಲ್ಲಿ ಏನು ತಿಂದರೂ ಲಕ್ಷಣ ಬರಲಿ ಅಂತ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ, ಏನು, ಎಷ್ಟು, ಎಷ್ಟು ಹೊತ್ತಾಯಿತು ಅಂತ ಹೇಳಿ.

ಹುತ್ತರಿಯ ಗುಂಡು ಮತ್ತು ಪಾವ್ಲೊವ್

ತಿಂಡಿಗೆ ಇನ್ನೊಂದು ಉಪಯೋಗವಿದೆ. ರಷ್ಯಾದ ಇವಾನ್ ಪಾವ್ಲೊವ್ ಹೆಸರು ಶಾಲೆಯಲ್ಲಿ ಕೇಳಿರುತ್ತೀರಿ. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಹೆಸರು ಉಳಿದದ್ದು ಮಾತ್ರ ಜೊಲ್ಲಿನಿಂದ. ಒಂದು ಶಬ್ದದ ಹಿಂದೆಯೇ ಪ್ರತಿ ಸಲ ಆಹಾರ ಬಂದರೆ, ಕೊನೆಗೆ ಶಬ್ದಕ್ಕೇ ನಾಯಿ ಜೊಲ್ಲು ಸುರಿಸುತ್ತದೆ ಅಂತ ಅವರು ತೋರಿಸಿದರು. ಇಲ್ಲಿ ನಾಯಿ ಏನೂ ಮಾಡಬೇಕಿಲ್ಲ. ಬದಲಾಗುವುದು ಅದರ ಒಳಗಿನ ಭಾವ.

ನಮ್ಮಲ್ಲಿ ಸುಗ್ಗಿಹಬ್ಬ ಹುತ್ತರಿಯ ಕದಿರು ತೆಗೆಯುವಾಗ ಬಂದೂಕಿನ ಗುಂಡು, ಮಗು ಹುಟ್ಟಿದರೆ ಗುಂಡು, ಸತ್ತರೆ ಗುಂಡು. ಎಷ್ಟೋ ನಾಯಿಗಳು ಆ ರಾತ್ರಿ ಮಂಚದಡಿ ಸೇರುತ್ತವೆ. ಮೂರು ನಾಲ್ಕು ವಾರ ಮೊದಲೇ ಮೊಬೈಲ್‌ನಲ್ಲಿ ಗುಂಡಿನ ಶಬ್ದವನ್ನು ತೀರಾ ಸಣ್ಣಗೆ ಹಾಕಿ, ಶಬ್ದ ಬಂದ ಕೂಡಲೇ ಮೇಲಿನ ದರ್ಜೆಯ ತಿಂಡಿ ಕೊಡಿ. ದಿನ ಕಳೆದ ಹಾಗೆ ಶಬ್ದ ಸ್ವಲ್ಪ ಸ್ವಲ್ಪ ಏರಿಸಿ. ಕ್ರಮ ಮುಖ್ಯ, ಮೊದಲು ಶಬ್ದ, ಆಮೇಲೆ ತಿಂಡಿ. ತಿಂಡಿ ತೋರಿಸಿ ಆಮೇಲೆ ಶಬ್ದ ಮಾಡಿದರೆ ಡಬ್ಬಿ ಕಂಡರೇ ನಾಯಿ ನಡುಗುವ ಹಾಗಾಗುತ್ತದೆ. ನಾಯಿ ತಿಂಡಿಯನ್ನೇ ಬೇಡ ಅಂದರೆ ಶಬ್ದ ಜಾಸ್ತಿಯಾಯಿತು ಅಂತ ಅರ್ಥ. ಹೆದರಿದ ನಾಯಿಗೆ ಹಸಿವಿರುವುದಿಲ್ಲ. ಅದು ಹಟ ಅಲ್ಲ, ಬೈದರೆ ಇನ್ನೂ ಕೆಡುತ್ತದೆ.

"ಬಾ" ಅನ್ನುವ ಮಾತಿನ ಬೆಲೆ

ಹೊಸ ಪಾಠಕ್ಕೆ ಪ್ರತಿ ಸಲ ತಿಂಡಿ. ಚೆನ್ನಾಗಿ ಬಂದ ಮೇಲೆ ಎರಡಕ್ಕೊಮ್ಮೆ, ಐದಕ್ಕೊಮ್ಮೆ, ಒಮ್ಮೆ ಮೂರಕ್ಕೆ. ಯಾವಾಗ ಸಿಗುತ್ತದೆ ಅಂತ ಹೇಳಲಾಗದ ಪ್ರತಿಫಲ ಚಟ ಹಿಡಿಸುತ್ತದೆ. ಲಾಟರಿ ಕೊಳ್ಳುವವರನ್ನು ನೋಡಿ, ಗೆದ್ದದ್ದು ಎಷ್ಟು ಸಲ? "ಕೂರು", "ನಿಲ್ಲು" ಇವಕ್ಕೆಲ್ಲ ಹೀಗೆ ಕೂಲಿ ಇಳಿಸಬಹುದು. ಮಧ್ಯೆ ಮಧ್ಯೆ ಹೊಗಳಿಕೆ, ಕಿವಿ ಹಿಂದೆ ಕೆರೆತ, ಚೆಂಡು ಸಾಕು.

"ಬಾ" ಒಂದಕ್ಕೆ ಮಾತ್ರ ನಾನು ಇಳಿಸುವುದಿಲ್ಲ. ಯಾಕೆಂದರೆ ಆ ಮಾತಿಗೆ ನಾವೇ ಕೆಟ್ಟ ಹೆಸರು ತರುತ್ತಿರುತ್ತೇವೆ. "ಬಾ" ಅಂದು ಕರೆದು ಚೈನ್ ಹಾಕುತ್ತೇವೆ. "ಬಾ" ಅಂದು ಜಿಗಣೆ ಕೀಳುತ್ತೇವೆ, ಉಣುಗು ತೆಗೆಯುತ್ತೇವೆ, ತಣ್ಣೀರು ಸುರಿಯುತ್ತೇವೆ. ನಾಯಿಯ ಕಡೆಯಿಂದ ನೋಡಿದರೆ ಬಂದದ್ದಕ್ಕೆ ದಂಡ! ಸ್ನಾನಕ್ಕೆ, ಜಿಗಣೆಗೆ ನಾವೇ ನಡೆದು ಹೋಗಿ ಹಿಡಿದುಕೊಂಡು ಬರುವುದು ಒಳ್ಳೆಯದು. ಕರೆದಾಗ ತಡವಾಗಿ ಬಂದರೂ ಬೈಯಬೇಡಿ. ನಾಯಿಯ ಲೆಕ್ಕದಲ್ಲಿ ಬೈಗುಳ ಸಿಕ್ಕಿದ್ದು ತಡ ಮಾಡಿದ್ದಕ್ಕಲ್ಲ, ಬಂದದ್ದಕ್ಕೆ.

ಈಗ ನಾವು ದಿನಾ ಸಂಜೆ ಮಾಡುವುದು ಇಷ್ಟು. ಹತ್ತು ಮೀಟರ್ ಹಗ್ಗ ಕಟ್ಟಿ ಗೇಟಿನವರೆಗೆ ಹೋಗುವುದು. ಕರಿಯ ಏನಾದರೂ ಮೂಸುತ್ತಾ ನಿಂತಾಗ ಒಂದೇ ಸಲ "ಬಾ". ತಲೆ ತಿರುಗಿಸಿದ ಗಳಿಗೆಗೇ "ಸೈ!". ಬಂದು ಮೊಣಕಾಲು ಮುಟ್ಟಿದರೆ ಲಿವರ್, ಒಂದಲ್ಲ, ನಾಲ್ಕೈದು ಚೂರು ಒಂದರ ಹಿಂದೆ ಒಂದು. ಕೊರಳಪಟ್ಟಿ ಮುಟ್ಟುತ್ತೇನೆ, ಹಿಡಿದರೆ ಹೆದರಬಾರದು ಅಂತ. ಆಮೇಲೆ "ಹೋಗು" ಅಂದು ಅದೇ ಮೂಸುತ್ತಿದ್ದ ಜಾಗಕ್ಕೆ ವಾಪಸ್ ಬಿಡುತ್ತೇನೆ. ಬಂದರೆ ಆಟ ಮುಗಿಯಿತು ಅಂತ ಅನಿಸಬಾರದಲ್ಲ. ಹತ್ತು ಹನ್ನೆರಡು ಸಲ, ಹದಿನೈದು ನಿಮಿಷ. ಹಗ್ಗವನ್ನು ಇನ್ನೂ ಬಿಚ್ಚಿಲ್ಲ. ಆನೆ ಇದೆ ಅಂತ ಸುದ್ದಿ ಬಂದ ದಿನ ಗೇಟಿನವರೆಗೂ ಹೋಗುವುದಿಲ್ಲ, ಪಾಠ ವರಾಂಡದಲ್ಲೇ.

ಲೈನ್ ಮನೆಯ ಹುಡುಗ ಈಗ ಒಣಮೀನು ಬಿಟ್ಟಿದ್ದಾನೆ. ಸಂಜೆ ಡಬ್ಬಿಯ ಸದ್ದು ಕೇಳಿದರೆ ಕರಿಯನಿಗಿಂತ ಮೊದಲು ಅವನೇ ಬರುತ್ತಾನೆ, "ಅಕ್ಕಾ, ಇವತ್ತು ನಾನು ಸೈ ಹೇಳ್ತೀನಿ" ಅಂತ.